ಮಗಳ ಕೋಣೆಯ ಶಿಲುಬೆ, ಆ ಮನೆಯ ಅಜ್ಜಿ

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡು ಎಕರೆ ಅಡಿಕೆ ತೋಟ ಇದೆ. ನಾವು ಕೊಂಕಣಿ ಕ್ಯಾಥೋಲಿಕರು. ಮಗಳು ನರ್ಸಿಂಗ್ ಕಲಿತು ಎರಡು ವರ್ಷದ ಹಿಂದೆ ಕೇರ್‌ಗಿವರ್ ಕೆಲಸಕ್ಕೆ ಇಸ್ರೇಲ್‌ಗೆ ಹೋದಳು. ಅಲ್ಲಿ 91 ವರ್ಷದ ಯಹೂದಿ ಅಜ್ಜಿಯೊಬ್ಬರನ್ನು ಅವರ ಮನೆಯಲ್ಲೇ ಇದ್ದು ನೋಡಿಕೊಳ್ಳುತ್ತಾಳೆ. ಅಜ್ಜಿ ರೊಮೇನಿಯಾದಲ್ಲಿ ಹುಟ್ಟಿದವರಂತೆ. ಇವಳನ್ನು ಮೊಮ್ಮಗಳ ಹಾಗೇ ನೋಡಿಕೊಂಡಿದ್ದರು. ಕಳೆದ ಕ್ರಿಸ್ಮಸ್‌ಗೆ ಮಗಳು ನಾನು ಕೊಟ್ಟು ಕಳಿಸಿದ್ದ ಶಿಲುಬೆಯನ್ನು ತನ್ನ ಕೋಣೆಯ ಗೋಡೆಗೆ ಹಾಕಿದಳು. ಅದನ್ನು ನೋಡಿದ್ದೇ ತಡ, ಅಜ್ಜಿ ನಡುಗಿ ತಮ್ಮ ಭಾಷೆಯಲ್ಲಿ ಕೂಗಾಡಿದರಂತೆ. ಎರಡು ದಿನ ಇವಳ ಕೈಯಿಂದ ಊಟ ಮಾಡಲಿಲ್ಲ. ಅಜ್ಜಿಯ ಮಗ ಫೋನ್ ಮಾಡಿ "ದಯವಿಟ್ಟು ಅದನ್ನು ತೆಗೆದಿಡು" ಅಂದರಂತೆ. ಇಲ್ಲಿ ನಮ್ಮ ಭಾವ "ಯೇಸುವನ್ನು ಕೊಂದವರೇ ಅವರಲ್ವಾ, ಇನ್ನೇನಾಗುತ್ತೆ" ಅನ್ನುತ್ತಾರೆ. ಪಕ್ಕದ ಊರಿನ ಪ್ರಾರ್ಥನಾ ಕೂಟದವರು ಬೇರೆಯೇ ಹೇಳುತ್ತಾರೆ. ಅವರು ದೇವರು ಆರಿಸಿಕೊಂಡ ಜನ, ಇಸ್ರೇಲ್ ವಿರುದ್ಧ ಒಂದು ಮಾತೂ ಆಡಬಾರದು, ನಿಮ್ಮ ಮಗಳು ಆ ಅಜ್ಜಿಗೆ ಯೇಸುವಿನ ವಿಷಯ ಹೇಳಿ ಮನಸ್ಸು ತಿರುಗಿಸಬೇಕು ಅಂತ. ಮಗಳ ಗೆಳತಿಯೊಬ್ಬಳು ಜೆರುಸಲೇಮಿನಲ್ಲಿ ಯಾರೋ ಒಬ್ಬ ಸಿಸ್ಟರ್ ಕಡೆ ಉಗುಳಿದ್ದನ್ನು ಕಣ್ಣಾರೆ ನೋಡಿದ್ದಾಳೆ. ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಶಿಲುಬೆ ತೆಗೆದರೆ ವಿಶ್ವಾಸ ಬಿಟ್ಟ ಹಾಗಾಗುತ್ತದಾ? ಈ ಎರಡು ಧರ್ಮದವರಿಗೂ ನಿಜವಾಗಿ ಏನು ಜಗಳ? ಮಗಳನ್ನು ವಾಪಸ್ ಕರೆಸಲಾ?

ಉತ್ತರ: ಅಮ್ಮಾ, ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಈಗಲೇ ಕರೆಸಬೇಡಿ. ನೀವು ಬರೆದದ್ದನ್ನು ಎರಡು ಸಲ ಓದಿದೆ. ಅಜ್ಜಿ ನಿಮ್ಮ ಮಗಳನ್ನು ಬೈದ ಹಾಗೆ ನನಗೆ ಕಾಣಲಿಲ್ಲ. ಅಜ್ಜಿ ಹೆದರಿದ್ದಾರೆ. ಇವೆರಡಕ್ಕೂ ಬಹಳ ವ್ಯತ್ಯಾಸ ಇದೆ.

ನಾನು ಮೂವತ್ತು ವರ್ಷ ಬೈಬಲ್ ಪಾಠ ಮಾಡಿದವನು. ಹೀಬ್ರೂ ಕಲಿಯಲು ಎರಡು ವರ್ಷ ಜೆರುಸಲೇಮಿನಲ್ಲಿದ್ದೆ. ಈಗ ಶಿವಮೊಗ್ಗದಲ್ಲಿದ್ದೇನೆ. ಇಸ್ರೇಲ್‌ಗೆ ಹೊರಟ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮಂದಿರು ಬಂದು ಕೂತು ಮಾತಾಡಿಕೊಂಡು ಹೋಗುತ್ತಾರೆ. ಹಾಗಾಗಿ ಇಂಥ ಸಂಕಟ ನನಗೆ ಹೊಸದಲ್ಲ.

ಒಂದು ವಿಷಯ ಹೇಳುತ್ತೇನೆ. ಜೆರುಸಲೇಮಿನಲ್ಲಿ ನಾನು ಬಾಡಿಗೆಗಿದ್ದ ಮನೆಯ ಮಾಲೀಕರು ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ ಅಜ್ಜಿ. ನನಗೆ ಜ್ವರ ಬಂದಾಗ ಸೂಪ್ ಮಾಡಿ ಕೋಣೆ ಬಾಗಿಲಿಗೆ ತಂದುಕೊಟ್ಟವರು. ಒಂದು ಶುಭ ಶುಕ್ರವಾರ ನಾನು ಶಿಲುಬೆ ಹಾದಿ ಪ್ರಾರ್ಥನೆ ಮುಗಿಸಿ ಮನೆಗೆ ಬಂದರೆ ಕಿಟಕಿಗಳೆಲ್ಲ ಮುಚ್ಚಿದ್ದವು. ಒಳಗೆ ಸೆಖೆ. ಯಾಕೆ ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ನಾನು ಚಿಕ್ಕವಳಿದ್ದಾಗ ನಮ್ಮೂರಲ್ಲಿ ಈ ದಿನ ಚರ್ಚ್ ಬಿಟ್ಟ ಮೇಲೆ ಜನ ನಮ್ಮ ಬೀದಿಗೆ ಬಂದು ಕಲ್ಲು ಹೊಡೆಯುತ್ತಿದ್ದರು. ಅಪ್ಪ ಬೆಳಿಗ್ಗೆಯೇ ಕಿಟಕಿ ಮುಚ್ಚಿ ನಮ್ಮನ್ನು ಒಳಗೆ ಕೂರಿಸುತ್ತಿದ್ದರು. ಈಗಲೂ ಗಂಟೆ ಸದ್ದು ಕೇಳಿದರೆ ಕೈ ತಾನಾಗಿ ಕಿಟಕಿಗೆ ಹೋಗುತ್ತೆ." ಆಗ ನನ್ನ ಜೇಬಿನಲ್ಲಿ ಜಪಸರ ಇತ್ತು. ಅದನ್ನು ಹಿಡಿದುಕೊಂಡೇ ನಿಂತಿದ್ದೆ. ಏನು ಹೇಳಬೇಕೋ ತೋಚಲಿಲ್ಲ. ನಮಗೆ ಅಳುವ ದಿನ ಅದು. ಅವರಿಗೆ ಅಡಗಿ ಕೂರುವ ದಿನ ಆಗಿತ್ತು.

ಈಗ ನಿಮ್ಮ ಮಗಳ ಅಜ್ಜಿಯ ವಯಸ್ಸು ಲೆಕ್ಕ ಹಾಕಿ. 1941ರಲ್ಲಿ ಅವರು ಆರೇಳು ವರ್ಷದ ಹುಡುಗಿ. ಆಗ ರೊಮೇನಿಯಾದಲ್ಲಿ 'ಮಹಾದೂತ ಮಿಖಾಯೇಲನ ದಂಡು' ಎಂಬ ಸಂಘಟನೆ ಇತ್ತು. ಹುಟ್ಟಿದ್ದು 1927ರಲ್ಲಿ. ಹೆಸರೇ ದೇವದೂತನದು. ಅವರ ಮೆರವಣಿಗೆಗಳಲ್ಲಿ ಪಾದ್ರಿಗಳಿರುತ್ತಿದ್ದರು, ಶಿಲುಬೆ ಇರುತ್ತಿತ್ತು, ಸಂತರ ಚಿತ್ರಪಟ ಇರುತ್ತಿತ್ತು. 1941ರ ಜನವರಿಯಲ್ಲಿ ಅದೇ ದಂಡಿನವರು ಬುಕಾರೆಸ್ಟ್ ನಗರದಲ್ಲಿ ಯಹೂದಿಗಳನ್ನು ಕೊಂದರು. ಅದೇ ವರ್ಷ ಜೂನ್ ಕೊನೆಯಲ್ಲಿ ಯಾಶ್ ನಗರದಲ್ಲಿ ಸೈನಿಕರು, ಪೊಲೀಸರು, ಊರ ಜನ ಸೇರಿ ಸಾವಿರಾರು ಯಹೂದಿಗಳನ್ನು ಕೊಂದರು. ಬದುಕಿದವರನ್ನು ಗೂಡ್ಸ್ ರೈಲಿನ ಡಬ್ಬಿಗಳಲ್ಲಿ ತುಂಬಿ ಬಾಗಿಲು ಜಡಿದರು. ನೀರಿಲ್ಲದೆ, ಗಾಳಿಯಿಲ್ಲದೆ ಡಬ್ಬಿಯೊಳಗೇ ಸತ್ತವರು ಎಷ್ಟೋ ಜನ. ಆ ಅಜ್ಜಿ ಏನು ನೋಡಿದರೋ ನನಗೆ ಗೊತ್ತಿಲ್ಲ. ನಿಮ್ಮ ಮಗಳಿಗೂ ಗೊತ್ತಿಲ್ಲ. ಆದರೆ ಆ ದೇಶದಲ್ಲಿ, ಆ ವರ್ಷಗಳಲ್ಲಿ ಮಗುವಾಗಿದ್ದವರು ಶಿಲುಬೆ ನೋಡಿ ನಡುಗಿದರೆ ನಾನು ತಪ್ಪು ಹುಡುಕುವುದಿಲ್ಲ. ಆ ನಡುಕ ನಿಮ್ಮ ಮಗಳ ಮೇಲಿನ ಕೋಪ ಅಲ್ಲ.

ಇನ್ನು ನಿಮ್ಮ ಭಾವ ಹೇಳಿದ ಮಾತು. ಬಹಳ ಮನೆಗಳಲ್ಲಿ ಈ ಮಾತು ಇದೆ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಹಿರಿಯರಿಂದ ಕೇಳಿದ್ದನ್ನು ಹೇಳಿದ್ದಾರೆ. ಆದರೆ ಅದು ಸುಳ್ಳು. ನಮ್ಮ ಪ್ರಾರ್ಥನೆಯೇ ಅದನ್ನು ಸುಳ್ಳು ಮಾಡುತ್ತದೆ. 'ವಿಶ್ವಾಸಿಸುತ್ತೇನೆ' ಎಂದು ಶುರುವಾಗುವ ಪ್ರಾರ್ಥನೆಯನ್ನು ಪೂಜೆಯಲ್ಲಿ ಹೇಳುತ್ತೀರಲ್ಲ, ಅದರಲ್ಲಿ ಯೇಸುವಿನ ಸಾವಿಗೆ ಯಾರ ಹೆಸರು ಬರುತ್ತದೆ? ಪಿಲಾತನದು ಮಾತ್ರ. ಅವನು ರೋಮ್ ಸರ್ಕಾರದ ಅಧಿಕಾರಿ. ಕ್ರಿ.ಶ. 26ರಿಂದ 36ರವರೆಗೆ ಯೂದಾಯ ಸೀಮೆಯನ್ನು ಆಳಿದವನು. ಶಿಲುಬೆಗೆ ಹಾಕುವುದು ರೋಮನ್ನರ ಶಿಕ್ಷೆ. ಯೇಸುವಿನ ತಲೆಯ ಮೇಲೆ ಬರೆಸಿದ 'ಯೆಹೂದ್ಯರ ಅರಸ' ಎಂಬ ಹಲಗೆಯೇ ಆಪಾದನೆ ಏನು ಅಂತ ಹೇಳುತ್ತದೆ. ರೋಮಿಗೆ ಎದುರಾಗಿ ಇನ್ನೊಬ್ಬ ರಾಜ, ಇದೇ ಆಪಾದನೆ. ದೇವಾಲಯದ ಪ್ರಧಾನ ಯಾಜಕರೂ ಅವರ ಕಡೆಯವರೂ ಇದರಲ್ಲಿ ಕೈಜೋಡಿಸಿದರು ಅಂತ ಶುಭಸಂದೇಶಗಳು ಹೇಳುತ್ತವೆ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಅವರು ಊರಿನ ಕೆಲವು ಮುಖಂಡರು. ಅದೇ ಊರಲ್ಲಿ ಅತ್ತ ಹೆಂಗಸರೂ ಯಹೂದಿಗಳೇ. ಹೆಣ ಕೇಳಿ ತಂದು ಸಮಾಧಿ ಮಾಡಿದ ಜೋಸೆಫನೂ ಯಹೂದಿಯೇ. ಪೇತ್ರ, ಯೊವಾನ್ನ, ಮಗ್ದಲದ ಮರಿಯ, ಸೆಪ್ಟೆಂಬರ್ 8ಕ್ಕೆ ನಾವು ಹೂ ಹಾಕಿ ಹೊಸ ಭತ್ತದ ತೆನೆ ಮನೆಗೆ ತರುವ ಮೊಂತಿ ಫೆಸ್ತಿನ ಆ ಮಾತೆ ಮರಿಯ, ಎಲ್ಲರೂ ಯಹೂದಿಗಳೇ. ಕೆಲವರ ತಪ್ಪನ್ನು ಇಡೀ ಜನದ ತಲೆಗೆ, ಅದೂ ಎರಡು ಸಾವಿರ ವರ್ಷ ಆದಮೇಲೆ ಹುಟ್ಟಿದವರ ತಲೆಗೆ ಕಟ್ಟುವುದು ಯಾವ ನ್ಯಾಯ?

ಹಾಗಾದರೆ ಈ ದ್ವೇಷ ಹುಟ್ಟಿದ್ದು ಹೇಗೆ? ಮಲೆನಾಡಿನಲ್ಲಿ ತೋಟ ಪಾಲಾದ ಮನೆಗಳನ್ನು ನೀವು ನೋಡಿರುತ್ತೀರಿ. ಹೊರಗಿನವರ ಜೊತೆ ಜಗಳ ಒಂದು ತಲೆಮಾರಿಗೆ ಮುಗಿಯುತ್ತದೆ. ಒಂದೇ ಒಲೆಯಲ್ಲಿ ಉಂಡ ಅಣ್ಣತಮ್ಮಂದಿರ ಜಗಳ ಮುಗಿಯುವುದಿಲ್ಲ. ಯಾಕೆಂದರೆ ಇಬ್ಬರೂ ಕೇಳುವುದು ಒಂದೇ ಆಸ್ತಿ. ಇದೂ ಹಾಗೆಯೇ. ಮೊದಮೊದಲು ಯೇಸುವಿನ ಶಿಷ್ಯರು ಯಹೂದಿಗಳ ಒಳಗಿನದೇ ಒಂದು ಗುಂಪು. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದರು. ಮನೆ ಬಿದ್ದಮೇಲೆ ಅಣ್ಣತಮ್ಮಂದಿರ ನಡುವೆ 'ಅಪ್ಪನ ನಿಜವಾದ ವಾರಸುದಾರ ಯಾರು' ಎಂಬ ಪ್ರಶ್ನೆ ಎದ್ದಿತು. ಶುಭಸಂದೇಶಗಳು ಬರಹಕ್ಕೆ ಬಂದದ್ದು ಹೆಚ್ಚುಕಮ್ಮಿ ಆ ಬಿಸಿಯಲ್ಲೇ. ಅದಕ್ಕೇ ಅಲ್ಲಲ್ಲಿ 'ಯೆಹೂದ್ಯರು' ಎಂಬ ಮಾತು ಅಷ್ಟು ಖಾರವಾಗಿ ಬರುತ್ತದೆ. ಅದು ಮನೆಯೊಳಗಿನ ಬೈಗುಳ.

ಮನೆಯೊಳಗಿನ ಬೈಗುಳ ರಾಜನ ಕೈಗೆ ಸಿಕ್ಕಿದಾಗ ಕಥೆ ಬದಲಾಯಿತು. ನಾಲ್ಕನೇ ಶತಮಾನದಲ್ಲಿ ರೋಮ್ ಚಕ್ರವರ್ತಿಗಳು ಕ್ರೈಸ್ತರಾದರು. ಒಬ್ಬ ತಮ್ಮನಿಗೆ ಅಧಿಕಾರ ಬಂತು. ಇನ್ನೊಬ್ಬನಿಗೆ ಬರಲಿಲ್ಲ. 1215ರಲ್ಲಿ ಯಹೂದಿಗಳು ಬೇರೆ ಥರದ ಬಟ್ಟೆ ಹಾಕಬೇಕು ಅಂತ ಚರ್ಚ್ ಸಭೆಯೇ ತೀರ್ಮಾನ ಮಾಡಿತು. 1290ರಲ್ಲಿ ಇಂಗ್ಲೆಂಡಿನಿಂದ, 1492ರಲ್ಲಿ ಸ್ಪೇನಿನಿಂದ ಅವರನ್ನು ಓಡಿಸಿದರು. ಪ್ರೊಟೆಸ್ಟೆಂಟ್ ಪಂಥಕ್ಕೆ ನಾಂದಿ ಹಾಡಿದ ಮಾರ್ಟಿನ್ ಲೂಥರ್ 1543ರಲ್ಲಿ ಅವರ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿ ಅಂತ ಬರೆದರು. ಹಾಗಾಗಿ ಇದು ಕ್ಯಾಥೋಲಿಕರ ತಪ್ಪು ಮಾತ್ರ ಅಲ್ಲ. 1903ರಲ್ಲಿ ರಷ್ಯಾ ಸಾಮ್ರಾಜ್ಯದ ಕಿಶಿನೇವ್ ಎಂಬ ಊರಲ್ಲಿ ಯಹೂದಿಗಳ ಮೇಲೆ ದಾಳಿ ಶುರುವಾಗಿದ್ದು ಈಸ್ಟರ್ ಭಾನುವಾರವೇ. ಹಿಟ್ಲರ್ ಕ್ರೈಸ್ತ ಧರ್ಮಕ್ಕಾಗಿ ಕೊಲ್ಲಲಿಲ್ಲ ನಿಜ. ಅವನದು ಜನಾಂಗದ ಹುಚ್ಚು. ಆದರೆ 60 ಲಕ್ಷ ಯಹೂದಿಗಳನ್ನು ಕೊಂದ ನೆಲ ನೂರಾರು ವರ್ಷದ ಉಪದೇಶದಿಂದ ಹದವಾಗಿತ್ತು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು. ಆದರೂ ಒಪ್ಪಿಕೊಳ್ಳಲೇಬೇಕು.

ಇದೆಲ್ಲ ಯುರೋಪಿನ ಕಥೆ, ನಮಗೇನು ಅಂತ ನಿಮ್ಮ ಭಾವ ಕೇಳಬಹುದು. ನಮಗೂ ಇದೆ. ಗೋವಾದಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯರಿದ್ದರು. ಅವರ ಹೆತ್ತವರು 1492ರಲ್ಲಿ ಸ್ಪೇನ್ ಬಿಟ್ಟು ಪೋರ್ಚುಗಲ್‌ಗೆ ಓಡಿಬಂದ ಯಹೂದಿಗಳು. ಅಲ್ಲಿ ಬಲವಂತದ ಮತಾಂತರ ಆಯಿತು. ಓರ್ತಾ 1534ರಲ್ಲಿ ಗೋವಾಕ್ಕೆ ಬಂದರು. ನಮ್ಮ ಕರಾವಳಿ, ಘಟ್ಟದ ಗಿಡಮೂಲಿಕೆಗಳ ಬಗ್ಗೆ ಅವರು ಬರೆದ ಪುಸ್ತಕ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಅದರಲ್ಲಿ ಕಾಳುಮೆಣಸಿನ ಬಗ್ಗೆ ಇದೆ, ನಿಮ್ಮ ತೋಟದ ಅಡಿಕೆ ಬಗ್ಗೆಯೂ ಇದೆ. 1568ರಲ್ಲಿ ಅವರು ತೀರಿಕೊಂಡರು. ಮರುವರ್ಷ ಅವರ ತಂಗಿ ಕತಾರಿನಾ ಅವರನ್ನು ಗೋವಾದ ಇನ್‌ಕ್ವಿಸಿಷನ್, ಅಂದರೆ ವಿಶ್ವಾಸ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯ, ಜೀವಂತ ಸುಡಿಸಿತು. ಗುಟ್ಟಾಗಿ ಯಹೂದಿ ಆಚಾರ ಮಾಡುತ್ತಾರೆ ಎಂಬುದು ಆಪಾದನೆ. 1580ರಲ್ಲಿ ಓರ್ತಾ ಅವರ ಮೂಳೆಗಳನ್ನೂ ಸಮಾಧಿಯಿಂದ ತೆಗೆದು ಸುಟ್ಟರು.

1560ರಲ್ಲಿ ಶುರುವಾದ ಆ ನ್ಯಾಯಾಲಯದ ಕಣ್ಣು ಮೊದಲು ಬಿದ್ದದ್ದು ಮತಾಂತರವಾದ ಯಹೂದಿಗಳ ಮೇಲೆ. ಆಮೇಲೆ ಅದು ತಿರುಗಿದ್ದು ಯಾರ ಕಡೆ ಗೊತ್ತಾ? ನಮ್ಮ ಕೊಂಕಣಿ ಹಿರಿಯರ ಕಡೆ. ಹಳೆಯ ಪದ್ಧತಿ ಬಿಟ್ಟಿಲ್ಲ, ಹಳೆಯ ಹಬ್ಬ ಬಿಟ್ಟಿಲ್ಲ ಅಂತ. ನಮ್ಮವರು ಗೋವಾ ಬಿಟ್ಟು ಕೆನರಾ ಕಡೆ ಬರಲು ಬರ, ತೆರಿಗೆ, ಯುದ್ಧದ ಜೊತೆ ಇದೂ ಒಂದು ಕಾರಣ. ಬಂದವರಿಗೆ ನೆಲೆ ಸಿಕ್ಕಿದ್ದು ಕೆಳದಿ ಅರಸರ ಸೀಮೆಯಲ್ಲಿ. ಬಿದನೂರಿನ ಆಳ್ವಿಕೆಯ ಕೆಳಗೆ. ನಾನೂ ಅಂಥದೇ ಮನೆಯವನು. ಹಾಗಾಗಿ ಆ ಅಜ್ಜಿಯ ಭಯ ನಮಗೆ ಪೂರ್ತಿ ಪರಕೀಯ ಅಲ್ಲ.

ಈಗ ಬದಲಾದದ್ದು ಹೇಳುತ್ತೇನೆ. ನಿಮ್ಮ ಭಾವನಿಗೆ ತೋರಿಸಬೇಕಾದ್ದು ಇದೇ. 1959ರಲ್ಲಿ ಪೋಪ್ 23ನೇ ಜಾನ್ ಶುಭ ಶುಕ್ರವಾರದ ಪ್ರಾರ್ಥನೆಯಿಂದ ಯಹೂದಿಗಳನ್ನು ಹೀಗಳೆಯುವ ಪದವನ್ನು ತೆಗೆಸಿದರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಬಾಯಿಬಿಟ್ಟು ಹೇಳಿತು: ಯೇಸುವಿನ ಸಾವಿನ ಹೊಣೆಯನ್ನು ಆಗಿನ ಎಲ್ಲ ಯಹೂದಿಗಳ ಮೇಲಾಗಲಿ, ಈಗಿನ ಯಹೂದಿಗಳ ಮೇಲಾಗಲಿ ಹೊರಿಸುವ ಹಾಗಿಲ್ಲ. ಅಂದರೆ 'ಅವರೇ ಕೊಂದದ್ದು' ಅನ್ನುವುದು ಚರ್ಚಿನ ಬೋಧನೆ ಅಲ್ಲ. ಅದಕ್ಕೆ ವಿರುದ್ಧ. 1986ರಲ್ಲಿ ಎರಡನೇ ಜಾನ್ ಪೌಲ್ ರೋಮ್‌ನ ಯಹೂದಿ ಮಂದಿರಕ್ಕೆ ಹೋಗಿ ಅವರನ್ನು ಅಣ್ಣಂದಿರು ಅಂತ ಕರೆದರು. 2000ದ ಮಾರ್ಚ್‌ನಲ್ಲಿ ಜೆರುಸಲೇಮಿನಲ್ಲಿ ಯಹೂದಿಗಳು ಪ್ರಾರ್ಥಿಸುವ ಪಶ್ಚಿಮ ಗೋಡೆಯ ಬಿರುಕಿನಲ್ಲಿ ಕ್ಷಮೆ ಕೇಳುವ ಚೀಟಿ ಇಟ್ಟರು. ಲೂಥರ್ ಬರೆದದ್ದನ್ನು ಎಷ್ಟೋ ಲೂಥರನ್ ಸಭೆಗಳು ತಳ್ಳಿಹಾಕಿವೆ. ಇಂಥ ಬದಲಾವಣೆಗೆ ಅರವತ್ತು ವರ್ಷ. ಮುಂಚಿನದಕ್ಕೆ ಸಾವಿರದ ಆರುನೂರು ವರ್ಷ. 91 ವರ್ಷದವರ ಮೈಯಲ್ಲಿ ಯಾವುದು ಜಾಸ್ತಿ ಉಳಿದಿರುತ್ತದೆ, ನೀವೇ ಯೋಚಿಸಿ.

ಸಂತ ಪೌಲನ ಒಂದು ಮಾತು ನಿಮಗೆ ಬೇಗ ಅರ್ಥವಾಗುತ್ತದೆ, ತೋಟದವರಲ್ವಾ. ರೋಮನರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿದೆ. ಯಹೂದಿ ಜನ ನೆಟ್ಟು ಬೆಳೆಸಿದ ಆಲಿವ್ ಮರ. ಬೇರೆ ಜನಾಂಗದ ನಾವು ಅದಕ್ಕೆ ಕಸಿ ಕಟ್ಟಿದ ಕಾಡು ಕೊಂಬೆ. ಕೊಂಬೆ ಜಂಬ ಪಡಬಾರದು, ಬೇರನ್ನು ಹೊತ್ತಿರುವುದು ನೀನಲ್ಲ, ನಿನ್ನನ್ನು ಬೇರು ಹೊತ್ತಿದೆ ಅನ್ನುತ್ತಾನೆ. ನಮ್ಮಲ್ಲಿ ಸೊರಗು ರೋಗ ತಡೆಯಲಿ ಅಂತ ಹಿಪ್ಪಲಿ ಗಿಡದ ಮೇಲೆ ಮೆಣಸಿನ ಬಳ್ಳಿ ಕಸಿ ಕಟ್ಟುತ್ತೇವೆ. ಮೇಲೆ ಮೆಣಸಿನ ಗೊಂಚಲು ಎಷ್ಟೇ ಬಿಟ್ಟರೂ ನೀರು ಎಳೆಯುವುದು ಹಿಪ್ಪಲಿ ಬೇರೇ. ಅದನ್ನು ಕಡಿದರೆ ಬಳ್ಳಿಯೇ ಹೋಗುತ್ತದೆ.

ಆ ಬೇರು ನಿಮ್ಮ ಮನೆಯೊಳಗೇ ಇದೆ. ಈಸ್ಟರ್‌ಗೆ ನಿಮ್ಮ ಅತ್ತೆ ಏನನ್ನುತ್ತಿದ್ದರು? ಪಾಸ್ಕಾಂಚೆಂ ಫೆಸ್ತ್. ಆ 'ಪಾಸ್ಕ' ಹೀಬ್ರೂವಿನ 'ಪೆಸಾಹ್'. ಯಹೂದಿಗಳು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆ ಆದ ನೆನಪಿನ ಹಬ್ಬ. ಗರಿಗಳ ಭಾನುವಾರ ಗರಿ ಹಿಡಿದು ಹೇಳುವ 'ಹೊಸಾನ್ನ' ಹೀಬ್ರೂ. 'ಆಮೆನ್', 'ಅಲ್ಲೆಲೂಯ' ಎರಡೂ ಹೀಬ್ರೂ. ನಮ್ಮ ಕಡೆ ನೆಲೆಸಿರುವ ಮಲಯಾಳಿ ಸಿರಿಯನ್ ಕ್ರೈಸ್ತರ ಮನೆಗೆ ಪವಿತ್ರ ಗುರುವಾರ ಹೋಗಿದ್ದೀರಾ? ಭದ್ರಾವತಿಯಲ್ಲಿ ಅವರದೇ ಧರ್ಮಪ್ರಾಂತ್ಯ ಇದೆ. ಎನ್.ಆರ್. ಪುರದ ಕಡೆ ಬಹಳ ಮನೆಗಳಿವೆ. ಅವತ್ತು ಅವರು ಪೆಸಹಾ ಅಪ್ಪಂ ಮಾಡುತ್ತಾರೆ. ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸಿದ ರೊಟ್ಟಿ. ಗರಿಗಳ ಭಾನುವಾರದ ಗರಿಯಿಂದ ಪುಟ್ಟ ಶಿಲುಬೆ ಮಾಡಿ ಅದರ ಮೇಲಿಡುತ್ತಾರೆ. ಮನೆ ಯಜಮಾನರು ಪ್ರಾರ್ಥನೆ ಮಾಡಿ, ಮುರಿದು, ತೆಂಗಿನಹಾಲು ಬೆಲ್ಲದ ಪಾನಕದ ಜೊತೆ ಒಬ್ಬೊಬ್ಬರಿಗೇ ಕೊಡುತ್ತಾರೆ. ನಾನು ಅದನ್ನು ಮೊದಲು ತಿಂದ ದಿನ ಜೆರುಸಲೇಮಿನ ಪೆಸಾಹ್ ಊಟ ನೆನಪಾಗಿ ಕಣ್ಣು ತುಂಬಿತು. ಅಲ್ಲೂ ಹುಳಿ ಬರದ ರೊಟ್ಟಿ. ಅಲ್ಲೂ ಮನೆಯ ಹಿರಿಯರು ಮುರಿದು ಹಂಚುತ್ತಾರೆ.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುವುದಿಲ್ಲ. ವ್ಯತ್ಯಾಸ ದೊಡ್ಡದು. ಮೆಸ್ಸಾಯ, ಅಂದರೆ ದೇವರು ಕಳಿಸುವ ರಕ್ಷಕ, ಬಂದಮೇಲೆ ಲೋಕದಲ್ಲಿ ಯುದ್ಧ ನಿಲ್ಲಬೇಕಿತ್ತು, ನಿಂತಿಲ್ಲ, ಹಾಗಾಗಿ ಯೇಸು ಮೆಸ್ಸಾಯ ಅಲ್ಲ ಎಂಬುದು ಯಹೂದಿಗಳ ನಂಬಿಕೆ. ದೇವರು ಮನುಷ್ಯನಾದ ಅನ್ನುವುದನ್ನು ಅವರು ಒಪ್ಪಲಾರರು. ದೇವರಿಗೆ ರೂಪ ಮಾಡಬಾರದು ಎಂಬ ಆಜ್ಞೆಯನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಆದ್ದರಿಂದ ಯೇಸುವಿನ ಮೂರ್ತಿ ಇರುವ ಶಿಲುಬೆ, ಹಳೆಯ ನೋವಿಲ್ಲದ ಯಹೂದಿ ಮನೆಯಲ್ಲೂ ಕಸಿವಿಸಿ ತರಬಹುದು. ಇದು ನಮ್ಮ ಮೇಲಿನ ದ್ವೇಷ ಅಲ್ಲ. ಅವರ ನಂಬಿಕೆ ಅವರಿಗೆ.

ಉಗುಳಿದ ವಿಷಯ ಬೇರೆ. ಅದು ದ್ವೇಷವೇ. ಮಗಳ ಗೆಳತಿ ನೋಡಿದ್ದು ಸುಳ್ಳಾಗಿರಲಾರದು. ಜೆರುಸಲೇಮಿನ ಹಳೆಯ ಪಟ್ಟಣದಲ್ಲಿ ಕೆಲವು ಕಟ್ಟರ್ ಧಾರ್ಮಿಕ ಯುವಕರು ಪಾದ್ರಿಗಳು, ಸಿಸ್ಟರ್‌ಗಳು, ಯಾತ್ರಿಕರ ಕಡೆ ಉಗುಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಇದಕ್ಕಾಗಿ ಪೊಲೀಸರು ಕೆಲವರನ್ನು ಬಂಧಿಸಿದರು. ಪ್ರಧಾನಿ ನೆತನ್ಯಾಹು ಅವರೂ ಖಂಡಿಸಿದರು. 2015ರ ಜೂನ್‌ನಲ್ಲಿ ಗಲಿಲೇಯ ಸರೋವರದ ದಂಡೆಯ ತಾಬ್ಗಾ ಇಗರ್ಜಿಗೆ (ಚರ್ಚಿಗೆ) ಬೆಂಕಿ ಹಚ್ಚಿದವನು ಯಹೂದಿ ಉಗ್ರವಾದಿ. ಅಲ್ಲಿನ ಕೋರ್ಟ್ ಅವನನ್ನು ಅಪರಾಧಿ ಅಂತ ತೀರ್ಮಾನಿಸಿತು. ನಮ್ಮವರ ಹಳೆಯ ತಪ್ಪು ದೊಡ್ಡದಿತ್ತು ಅಂತ ಇದನ್ನು ಸಹಿಸಿಕೊಳ್ಳಿ ಅನ್ನುವುದು ಸರಿಯಲ್ಲ. ಹಳೆಯ ಪಟ್ಟಣಕ್ಕೆ ಹೋಗುವಾಗ ಮಗಳು ಒಬ್ಬಳೇ ಹೋಗದೆ ಗುಂಪಿನಲ್ಲಿ ಹೋಗಲಿ. ಯಾರಾದರೂ ಉಗುಳಿದರೆ ವಾದಕ್ಕೆ ನಿಲ್ಲದೆ, ಜಾಗ ಮತ್ತು ಹೊತ್ತು ನೆನಪಿಟ್ಟು ಪೊಲೀಸರಿಗೆ ಹೇಳಲಿ.

ಪ್ರಾರ್ಥನಾ ಕೂಟದವರ ಮಾತಿಗೆ ಬರುತ್ತೇನೆ. ಅವರು ಯಹೂದಿಗಳನ್ನು ಪ್ರೀತಿಸಿ ಅನ್ನುವುದು ಒಳ್ಳೆಯದೇ. ಆದರೆ ಆ ಪ್ರೀತಿಯ ಹಿಂದೆ ಒಂದು ಲೆಕ್ಕ ಇದೆ. ಯಹೂದಿಗಳು ಆ ನಾಡಿಗೆ ಮರಳಬೇಕು, ಆಮೇಲೆ ಯೇಸು ಮತ್ತೆ ಬರುತ್ತಾನೆ, ಆಗ ಅವರೂ ಕ್ರೈಸ್ತರಾಗಬೇಕು ಅಂತ. ನನಗೆ ಗೊತ್ತಿರುವ ಯಹೂದಿ ಗೆಳೆಯರಿಗೆ ಇದು ನೋವು ಕೊಡುತ್ತದೆ. "ನಮ್ಮನ್ನು ನಾವಾಗಿ ಯಾಕೆ ಪ್ರೀತಿಸಲ್ಲ" ಅಂತ ಒಬ್ಬರು ನನ್ನನ್ನೇ ಕೇಳಿದ್ದಾರೆ. ಇನ್ನೊಂದು, ಯಹೂದಿ ಧರ್ಮ ಬೇರೆ, ಇಸ್ರೇಲ್ ಸರ್ಕಾರ ಬೇರೆ. ಆ ಸರ್ಕಾರದ ಕೆಲಸವನ್ನು ಟೀಕಿಸುವ ಯಹೂದಿಗಳು ಆ ದೇಶದಲ್ಲೇ ಎಷ್ಟೋ ಜನ ಇದ್ದಾರೆ. ಬೆತ್ಲೆಹೇಮಿನ ಕ್ರೈಸ್ತರು ಪ್ಯಾಲೆಸ್ಟೀನಿ ಅರಬ್ಬರು. 2023ರ ಅಕ್ಟೋಬರ್‌ನಲ್ಲಿ ಗಾಜಾದ ಸಂತ ಪೋರ್ಫಿರಿಯುಸ್ ಇಗರ್ಜಿ ಆವರಣದ ಮೇಲೆ ಇಸ್ರೇಲಿನ ದಾಳಿಯಾಗಿ, ಆಸರೆ ಪಡೆದಿದ್ದ ಕ್ರೈಸ್ತರು ಸತ್ತರು. ಅದೇ ತಿಂಗಳು 7ರಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1,200 ಜನರನ್ನು ಕೊಂದಿತ್ತು. ಸತ್ತವರಲ್ಲಿ ಹೊರದೇಶದಿಂದ ಬಂದ ಕೆಲಸಗಾರರೂ ಇದ್ದರು. ಯಾರ ಅಳುವೂ ಕಡಿಮೆಯದಲ್ಲ. ಒಂದು ಕಡೆಯ ಬಗ್ಗೆ ಮಾತೇ ಆಡಬಾರದು ಅನ್ನುವವರ ಜೊತೆ ನಾನು ಸೇರಲಾರೆ.

ಅಜ್ಜಿಯ ಮನಸ್ಸು ತಿರುಗಿಸುವ ಕೆಲಸಕ್ಕೆ ಮಾತ್ರ ಮಗಳು ಕೈಹಾಕುವುದೇ ಬೇಡ. ಇಸ್ರೇಲಿನಲ್ಲಿ 1977ರಿಂದ ಕಾನೂನಿದೆ. ಹಣ ಅಥವಾ ಬೇರೆ ಲಾಭದ ಆಸೆ ತೋರಿಸಿ ಮತ ಬದಲಿಸುವುದು ಜೈಲು ಶಿಕ್ಷೆಯ ಅಪರಾಧ. ಬರಿ ಮಾತಾಡುವುದು ಅಪರಾಧ ಅಲ್ಲ. ಆದರೆ ಹಾಸಿಗೆಯಿಂದ ಏಳಲು, ಸ್ನಾನಕ್ಕೆ, ಮಾತ್ರೆಗೆ ಇವಳ ಕೈಯನ್ನೇ ನಂಬಿದ ಮುದುಕಿಗೆ ಆ ಕೈಯಿಂದಲೇ ಉಪದೇಶ ಬಂದರೆ ಅದು ಅನ್ಯಾಯ. ಮನೆಯವರಿಗೆ ಗೊತ್ತಾದರೆ ಕೆಲಸವೂ ಹೋಗುತ್ತದೆ. ಯಹೂದಿಗಳನ್ನು ಮತಾಂತರ ಮಾಡುವ ಯಾವ ಸಾಂಸ್ಥಿಕ ಕೆಲಸವನ್ನೂ ತಾನು ನಡೆಸುವುದಿಲ್ಲ, ಬೆಂಬಲಿಸುವುದಿಲ್ಲ ಅಂತ ಕ್ಯಾಥೋಲಿಕ್ ಚರ್ಚ್ 2015ರಲ್ಲಿ ಬರೆದೇ ಹೇಳಿದೆ.

ಸರಿ, ಗೋಡೆಯ ಶಿಲುಬೆಗೆ ಬರೋಣ. ಮಗಳು ಅದನ್ನು ಅಲ್ಲೇ ಬಿಡಬಹುದು. ಕೋಣೆ ಅವಳದು, ನಂಬಿಕೆ ಅವಳದು. ಆದರೆ ಅಜ್ಜಿ ಮತ್ತೆ ನೋಡುತ್ತಾರೆ, ಮತ್ತೆ ನಡುಗುತ್ತಾರೆ. ಆ ವಯಸ್ಸಿಗೆ ಊಟ ಬಿಡುವುದು, ನಿದ್ದೆ ಬಿಡುವುದು ಸಣ್ಣ ವಿಷಯ ಅಲ್ಲ, ನರ್ಸ್ ಆದ ಅವಳಿಗೇ ಗೊತ್ತಿರುತ್ತದೆ. ನನ್ನ ಸಲಹೆ, ಗೋಡೆಯಿಂದ ತೆಗೆದು ಕಪಾಟಿನ ಬಾಗಿಲ ಒಳಮೈಗೆ ಹಾಕಲಿ. ತೆರ್ಸ್ (ಜಪಸರದ ಪ್ರಾರ್ಥನೆ) ಮಾಡುವಾಗ ಬಾಗಿಲು ತೆರೆಯಲಿ. ಕುತ್ತಿಗೆಯ ಶಿಲುಬೆ ಅಂಗಿಯ ಒಳಗೆ ಇರಲಿ. ಇದು ವಿಶ್ವಾಸ ಬಿಟ್ಟ ಹಾಗೆ ಅಲ್ಲವೇ ಅಲ್ಲ. ಮೊದಲ ಮುನ್ನೂರು ವರ್ಷ ಕ್ರೈಸ್ತರ ಮನೆಗಳಲ್ಲಿ ಇಂಥ ಶಿಲುಬೆ ಇರಲಿಲ್ಲ. ಮೀನು, ಲಂಗರು, ಕುರುಬನ ಚಿತ್ರ ಬಿಡಿಸಿಕೊಂಡು ಬದುಕಿದರು. ಅವರ ವಿಶ್ವಾಸ ನಮ್ಮದಕ್ಕಿಂತ ಕಡಿಮೆ ಇತ್ತಾ?

ಇದರಲ್ಲೂ ಒಂದು ಅಪಾಯ ಇದೆ. ಯಾರೋ ಹೇಳಿದರು ಅಂತ ಸುಮ್ನೆ ತೆಗೆದಿಟ್ಟರೆ ಮಗಳ ಮನಸ್ಸಿನಲ್ಲಿ ಅವಮಾನ ಉಳಿಯುತ್ತದೆ. ಒಳಗೊಳಗೇ ಹುಳಿ ಹಿಡಿಯುತ್ತದೆ. ಹಾಗಾಗಿ ಅಜ್ಜಿಯ ಮಗನ ಜೊತೆ ಒಮ್ಮೆ ಕೂತು ಮಾತಾಡಲಿ. "ಅಮ್ಮನಿಗೆ ನೋವಾಯಿತು, ನನಗೂ ಬೇಜಾರಾಯಿತು. ಅವರಿಗೆ ಚಿಕ್ಕಂದಿನಲ್ಲಿ ಏನಾಗಿತ್ತು ಅಂತ ತಿಳಿದರೆ ನಾನು ಇನ್ನೂ ಚೆನ್ನಾಗಿ ನೋಡಿಕೊಳ್ಳಬಹುದು" ಅಂತ ಕೇಳಲಿ. "ಯೇಸುವೂ ಯಹೂದಿಯೇ ಅಲ್ವಾ" ಅನ್ನುವ ಮಾತನ್ನು ಮಾತ್ರ ಆಗ ತೆಗೆಯಬಾರದು. ಮಾತು ನಿಜ. ಆದರೆ ನೊಂದವರ ಕಿವಿಗೆ ಅದು ವಾದದ ಹಾಗೆ ಕೇಳುತ್ತದೆ. ತನ್ನ ಪ್ರಾರ್ಥನೆಗೆ ಹೊತ್ತು ಬೇಕು, ವಾರದ ರಜೆಗೆ ಇಗರ್ಜಿಗೆ ಹೋಗಬೇಕು ಅನ್ನುವುದನ್ನೂ ಅದೇ ಮಾತಿನಲ್ಲಿ ಸ್ಪಷ್ಟವಾಗಿ ಹೇಳಲಿ. ವಾರದ ರಜೆ ಅವಳ ಹಕ್ಕು. ತನ್ನ ಧರ್ಮಕ್ಕೆ ತಕ್ಕ ದಿನ ಕೇಳಬಹುದು. ಅಲ್ಲಿ ಭಾನುವಾರ ಕೆಲಸದ ದಿನವಾದ್ದರಿಂದ ಶನಿವಾರವೂ ಹೊರದೇಶದವರಿಗೆ ಪೂಜೆ ಇರುತ್ತದೆ. ಯಾಫಾದ ಸಂತ ಪೇತ್ರರ ಇಗರ್ಜಿಗೆ ಭಾರತದವರು, ಫಿಲಿಪ್ಪೀನ್ಸ್‌ನವರು ಬಹಳ ಜನ ಬರುತ್ತಾರೆ. ಅವಳಿಗೆ ಈಗ ತನ್ನವರ ನಡುವೆ ಕೂತು ಹಾಡುವುದು ಬೇಕು.

ಮನೆ ಬದಲಿಸುವುದು ಕೊನೆಯ ದಾರಿ. ಇಗರ್ಜಿಗೆ ಹೋಗಬೇಡ ಅಂದರೆ, ಸಂಬಳ ಹಿಡಿದರೆ, ಹೀಯಾಳಿಸಿದರೆ ಆ ದಾರಿ ಹಿಡಿಯಲಿ. ಮೊದಲು ಏಜೆನ್ಸಿಗೆ ತಿಳಿಸಲಿ. ಸುಮ್ಮನೆ ಬಿಟ್ಟು ಹೊರಟರೆ ವೀಸಾಗೆ ತೊಂದರೆ. ಆ ದೇಶಕ್ಕೆ ಹೋಗಿ 63 ತಿಂಗಳು ಮುಗಿದ ಮೇಲೆ ಬದಲಿಸುವುದು ಇನ್ನೂ ಕಷ್ಟ. ಕೆಲಸಗಾರರ ಪರ ನಿಲ್ಲುವ ಕಾವ್ ಲಾಓವೆದ್ ಎಂಬ ಸಂಸ್ಥೆ ಅಲ್ಲಿದೆ. ನಮ್ಮ ರಾಯಭಾರ ಕಚೇರಿ ಟೆಲ್ ಅವೀವ್‌ನಲ್ಲಿದೆ. ಎರಡರ ನಂಬರ್ ಅವಳ ಫೋನಿನಲ್ಲಿರಲಿ. ನೀವು ಬರೆದದ್ದರಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಅಜ್ಜಿಯ ಮಗ 'ದಯವಿಟ್ಟು' ಅಂದಿದ್ದಾರೆ, ಅದನ್ನು ಗಮನಿಸಿ.

ಒಂದು ಕೆಲಸ ಮಾತ್ರ ತಡಮಾಡಬೇಡಿ. ಈ ವರ್ಷ, 2026ರಲ್ಲಿ, ಪೆಸಾಹ್ ಏಪ್ರಿಲ್ 1ರ ಸಂಜೆ ಶುರು. ಶುಭ ಶುಕ್ರವಾರ 3ಕ್ಕೆ, ಈಸ್ಟರ್ 5ಕ್ಕೆ. ಎರಡು ಹಬ್ಬವೂ ಒಂದೇ ವಾರ, ಒಂದೇ ಮನೆ. ಪೆಸಾಹ್‌ಗೆ ಮುಂಚೆ ಅವರು ಬ್ರೆಡ್, ಬಿಸ್ಕತ್ತು, ಗೋಧಿ ಹಿಟ್ಟು ಎಲ್ಲ ಮನೆಯಿಂದ ಹೊರಹಾಕಿ ಕಪಾಟು ತೊಳೆಯುತ್ತಾರೆ. ಮಗಳ ಚಪಾತಿ ಹಿಟ್ಟೂ ಆ ಲೆಕ್ಕಕ್ಕೆ ಬರುತ್ತದೆ. ರೊಮೇನಿಯಾದ ಕಡೆಯ ಬಹಳ ಮನೆಗಳಲ್ಲಿ ಆ ವಾರ ಅನ್ನವನ್ನೂ, ಬೇಳೆಯನ್ನೂ ಮಾಡುವುದಿಲ್ಲ. ಬೇರೆ ಕಡೆಯ ಯಹೂದಿಗಳು ಅನ್ನ ತಿನ್ನುತ್ತಾರೆ. ಆ ಮನೆಯಲ್ಲಿ ಹೇಗೆ ಅಂತ ಈಗಲೇ ಕೇಳಿಟ್ಟುಕೊಳ್ಳಲಿ. ಅಜ್ಜಿಯನ್ನೇ ಕೇಳಿದರೆ ಇನ್ನೂ ಒಳ್ಳೆಯದು. ಕಪಾಟು ತೊಳೆಯಲು ಜೊತೆಗೆ ನಿಲ್ಲಲಿ. ಈಸ್ಟರ್ ದಿನ ರಜೆ ಬೇಕು ಅಂತಲೂ ಈಗಲೇ ಹೇಳಿಡಲಿ. ಕೇಕನ್ನು ಗೆಳತಿಯರ ಜೊತೆ ಹೊರಗೆ ತಿಂದು ಬರಲಿ, ಮನೆಯೊಳಗೆ ತರುವುದು ಬೇಡ. ಹಬ್ಬ ಕಳೆದಮೇಲೆ ಅಜ್ಜಿ ಏನಂದರು ಅಂತ ನನಗೆ ಒಂದು ಸಾಲು ಬರೆಯಿರಿ.